ಮೂಸಾ ಮಾಮ ಮಾಲೆ ನೋಡಿದ್ದು

ಉಮರು ಮನಿಕುವಿಗೆ ಈ ಲೋಕದಲ್ಲಿ ಉಳಿದಿದ್ದದ್ದು ಒಂದೇ ಆಸೆ. ತನ್ನ ಹಾಸಿಗೆಯ ಮೇಲೆ ತಾನು ಮಲಗಬೇಕು. ಐವತ್ತನಾಲ್ಕು ವರ್ಷದ, ಮೂವತ್ತು ವರ್ಷ ಸರ್ಕಾರಿ ಪತ್ರಗಳ ಕರಡು ಬರೆದು ಬೆನ್ನು ಬಾಗಿದ ಮನುಷ್ಯನಿಗೆ ಇದು ದುರಾಸೆ ಎಂದು ಯಾರೂ ಹೇಳಲಾರರು. ಆದರೆ ದ್ವೀಪರಾಷ್ಟ್ರದ ಪುಟ್ಟ ರಾಜಧಾನಿ ಮಾಲೆಯಲ್ಲಿ ಮಂಚ ಕೊಂಡವನಿಗೂ ಹಾಸಿಗೆಗೂ ಹೆಚ್ಚಿನ ಸಂಬಂಧವಿರುವುದಿಲ್ಲ. ದೂರದ ದ್ವೀಪಗಳಿಂದ ಡಾಕ್ಟರಿಗೆ ತೋರಿಸಲು ಬರುವ ಹೆಂಡತಿಯ ಕಡೆಯವರಿಗೆ ಅದರ ಮೇಲೆ ಮೊದಲ ಹಕ್ಕು.

ಈ ಸಲ ಬಂದವರು ಹೆಂಡತಿ ವಫಿಯ್ಯಾಳ ಸೋದರಮಾವ ಮೂಸಾ ಮಾಮ. ತೆಂಕಣ ದ್ವೀಪದಲ್ಲಿ ನಲವತ್ತು ವರ್ಷ ಮೀನುಗಾರಿಕೆ ದೋಣಿ ನಡೆಸುವ ತಂಡೇಲರಾಗಿದ್ದವರು. ಎಡಗಣ್ಣಿನ ಪೊರೆ ತೆಗೆಸಲು ಬಂದಿದ್ದರು. ಪೊರೆ ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಅದಾಗಿ ಈಗ ಇಪ್ಪತ್ತಮೂರು ದಿನವಾಗಿತ್ತು.

ಇದ್ದದ್ದು ಎರಡು ಕೋಣೆ. ಒಂದರಲ್ಲಿ ವಫಿಯ್ಯಾ, ಮಗಳು, ಇಬ್ಬರು ಮೊಮ್ಮಕ್ಕಳು. ಅಳಿಯ ಯಾವುದೋ ರೆಸಾರ್ಟಿನಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಿದ್ದದ್ದು ದೇವರ ದಯೆ. ಇನ್ನೊಂದು ಕೋಣೆಯಲ್ಲಿ, ಉಮರುವಿನ ಮಂಚದ ಮೇಲೆ, ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಕಟ್ಟಿಕೊಂಡು ಮೂಸಾ ಮಾಮ. ಉಮರು ನಡುಮನೆಯಲ್ಲಿ ಫ್ರಿಜ್ಜಿಗೂ ಬಾಗಿಲಿಗೂ ನಡುವೆ ಚಾಪೆ ಹಾಸಿಕೊಳ್ಳುತ್ತಿದ್ದ. ನೀರು ಬೇಕಾದವರು ಅವನ ತಲೆಯ ಕಡೆಯಿಂದ, ಹೊರಗೆ ಹೋಗುವವರು ಕಾಲಿನ ಕಡೆಯಿಂದ ದಾಟುತ್ತಿದ್ದರು. ಮೊಮ್ಮಕ್ಕಳು ಎರಡೂ ಕಡೆಯಿಂದ ದಾಟುತ್ತಿದ್ದರು. ಕಚೇರಿಯಲ್ಲಿ ಅವನು "ಮಾನ್ಯರೇ" ಎಂದು ಶುರುಮಾಡಿದ ಪತ್ರವನ್ನು "ಮಾನ್ಯರೇ, ಮಾನ್ಯರೇ, ಮಾನ್ಯರೇ" ಎಂದೇ ಮುಗಿಸಿ ಮೇಲಧಿಕಾರಿಯ ಸಹಿಗೆ ಕಳಿಸಿದ್ದು ಆ ವಾರವೇ.

ಮಾಮ ಯಾವಾಗ ಹೊರಡುತ್ತಾರೆಂದು ಹೆಂಡತಿಯನ್ನು ಕೇಳಿದ್ದ. ಅವಳು ಏನೋ ಉತ್ತರ ಹೇಳಿದಳು. ಅಷ್ಟರಲ್ಲಿ ಅವನಿಗೆ ಜೋಂಪು ಹತ್ತಿತ್ತು. ಕೊನೆಗೆ ಒಂದು ಶನಿವಾರ ಧೈರ್ಯ ಮಾಡಿ ಮಾಮನ ಮುಂದೆಯೇ ಕೂತ.

"ಊರಲ್ಲಿ ಎಲ್ಲರೂ ನಿಮ್ಮ ದಾರಿ ನೋಡ್ತಿರಬೇಕಲ್ಲ ಮಾಮಾ?"

"ನೋಡ್ಲಿ ಬಿಡು ಅಳಿಯ. ನಾನು ಕಾಲಿಟ್ಟ ತಕ್ಷಣ ಕೇಳ್ತಾರೆ, ಮಾಲೆಯಲ್ಲಿ ಏನೇನು ನೋಡಿದ್ರಿ ಅಂತ. ಏನು ಹೇಳ್ಲಿ? ಫ್ರಿಜ್ಜು ನೋಡ್ದೆ ಅನ್ಲಾ? ನನ್ನ ಮಗಳ ಮದುವೆಗೆ ಊರಿಗೆ ಬಂದಾಗ ಇಡೀ ಪಂಕ್ತಿ ಎದುರಿಗೆ ನೀನೇ ಹೇಳಿದ್ದೆ, ಮಾಲೆ ನೋಡೋಕೆ ಒಂದು ತಿಂಗಳು ಸಾಲದು ಅಂತ."

ಹೇಳಿದ್ದು ನಿಜ. ದ್ವೀಪಕ್ಕೆ ಹೋದ ಮಾಲೆಯವನಿಗೆ ಎದೆ ಎರಡು ಅಂಗುಲ ಉಬ್ಬುತ್ತದೆ, ನಾಲಗೆ ನಾಲ್ಕು ಅಂಗುಲ ಉದ್ದವಾಗುತ್ತದೆ. ಕಾಲು ಗಟ್ಟಿಯಿದ್ದವನು ಚಹಾ ಆರುವುದರೊಳಗೆ ಮಾಲೆಯ ಅರ್ಧ ಸುತ್ತಿ ಬರಬಹುದು ಎಂಬ ವಿಷಯವನ್ನು ಅವನು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾಮ ಊರು ನೋಡದೆ ಹೊರಡುವುದಿಲ್ಲ, ನೋಡಿದರೆ ಹೊರಡುತ್ತಾರೆ. ಉಮರು ಹೀಗೆ ಲೆಕ್ಕ ಹಾಕಿ ಅಂದು ಸಂಜೆಯೇ ಅವರನ್ನು ಕರೆದುಕೊಂಡು ಹೊರಟ. ಹಳೆಯ ಹವಳಗಲ್ಲಿನ ಮಸೀದಿ, ಸುಲ್ತಾನರ ಉದ್ಯಾನ, ಬಾವುಟದ ಚೌಕ, ಮೀನುಪೇಟೆ. ನಡುವೆ ಒಂದು ಕಡೆ ಚಹಾ, ಎರಡೆರಡು ಗುಳ ಎಂಬ ಕರಿದ ಮೀನುಂಡೆ. ಒಟ್ಟು ಮೂವತ್ತೆಂಟು ನಿಮಿಷವಾಯಿತು.

"ಚೆನ್ನಾಗಿದೆ," ಎಂದರು ಮಾಮ ಮಂಚದ ಮೇಲೆ ಕಾಲು ಚಾಚುತ್ತಾ. "ಇವತ್ತಿನದ್ದು ಆಯ್ತು. ನಾಳೆಗೇನು?"

ನಾಳೆಗೆ ಏನೂ ಇರಲಿಲ್ಲ. ಹುಟ್ಟಿ ಬೆಳೆದ ಊರಿನಲ್ಲಿ ನೋಡತಕ್ಕದ್ದು ಏನಿದೆ ಎಂದು ಉಮರು ಯಾವತ್ತೂ ಯೋಚಿಸಿದವನಲ್ಲ. ಆದರೂ ಪೆನ್ನು ಹಿಡಿದು ಕೂತ. ಒಂದು ಪಟ್ಟಿ ಬರೆದುಕೊಟ್ಟರೆ ಮಾಮ ತಾವೇ ಟ್ಯಾಕ್ಸಿ ಹಿಡಿದು ಸುತ್ತಿ ಬರಬಹುದು. ಇಲ್ಲಿ ಅವನ ಮೂವತ್ತು ವರ್ಷದ ಕಸುಬು ಅವನಿಗೆ ಕೈಕೊಟ್ಟಿತು. ಇದ್ದದ್ದನ್ನು ಇದ್ದ ಹಾಗೆ ಬರೆಯಲು ಅವನಿಗೆ ಬರುತ್ತಿರಲಿಲ್ಲ. ಕಡಲ ತಡೆಗೋಡೆ ಎಂದು ಬರೆಯಲು ಮನಸ್ಸಾಗದೆ "ಸಂಜೆಯ ತಂಗಾಳಿ" ಎಂದು ಬರೆದ. ಮಣ್ಣು ಸುರಿದು ಮಾಡಿದ ಸ್ನಾನದ ದಂಡೆ "ಬೆಳ್ಳಿ ಮರಳು" ಆಯಿತು. ಉದ್ಯಾನದ ಕಲ್ಲುಬೆಂಚು "ತಂಪು ನೆರಳು" ಆಯಿತು, ಅದರ ಬೇಲಿಯ ದಾಸವಾಳ "ಹೂದೋಟ" ಆಯಿತು. ಹೀಗೆ ಹತ್ತು ಸಾಲು ತುಂಬಿಸಿ, ಮೇಲೆ "ನೋಡತಕ್ಕ ಸ್ಥಳಗಳು" ಎಂದು ಬರೆದು, ಅಡಿಗೆರೆ ಎಳೆದು, ಅಭ್ಯಾಸಬಲದಿಂದ ಕೆಳಗೆ ಸಹಿಯನ್ನೂ ಹಾಕಿ ಮಾಮನ ಕೈಗಿಟ್ಟ.

ಮಾಲೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಒಂದು ಸಂಗತಿ ಆ ಕ್ಷಣಕ್ಕೆ ಅವನಿಗೆ ಮರೆತುಹೋಗಿತ್ತು. ಈ ಊರಿನಲ್ಲಿ ಮನೆಗಳು ನಂಬರಿನಿಂದ ಬಾಳುವುದಿಲ್ಲ, ಹೆಸರಿನಿಂದ ಬಾಳುತ್ತವೆ. ಚಂದದ್ದೊಂದು ಮಾತು ಕಿವಿಗೆ ಬಿದ್ದರೆ ನಮ್ಮವರು ಅದನ್ನು ಬಾಗಿಲ ಮೇಲೆ ಬರೆಸುತ್ತಾರೆ. ಲಂಡನ್ನಿಗೆ ಹೋಗಬೇಕು ಎಂದರೆ ಟ್ಯಾಕ್ಸಿಯವನು ಹುಬ್ಬೇರಿಸದೆ ಮೂರು ನಿಮಿಷದಲ್ಲಿ ಮುಟ್ಟಿಸುತ್ತಾನೆ, ಅದು ಕೆಳಗಡೆ ಹೊಲಿಗೆ ಅಂಗಡಿಯಿರುವ ಮನೆ. ಅಂಥವನಿಗೆ "ಹೂದೋಟ" ಎಂದು ಬರೆದ ಚೀಟಿ ತೋರಿಸಿದರೆ ಅವನು ಹೂವು ಹುಡುಕುತ್ತಾನೆಯೇ?

ಭಾನುವಾರ ಸಂಜೆ ಮಾಮ ಖುಷಿಯಾಗಿ ಹಿಂತಿರುಗಿದರು.

"ಎಂಥ ಊರಪ್ಪ ನಿಮ್ಮದು! ಹೂದೋಟ ನೋಡ್ದೆ. ನಾಲ್ಕನೇ ಮಹಡಿ. ಒಂದು ಹೂವಿಲ್ಲ. ಆದ್ರೆ ಬಜಿಯಾ, ಒಳಗೆ ಮೀನು ತುಂಬಿದ್ದು, ಏಳು ತಿಂದೆ."

ಉಮರುವಿನ ಕೈಯಲ್ಲಿದ್ದ ಲೋಟ ಗಾಳಿಯಲ್ಲೇ ನಿಂತಿತು. "ಬಜಿಯಾ ಯಾರು ಕೊಟ್ರು ಮಾಮಾ?"

"ಹೂದೋಟದವರು. ಆಮೇಲೆ ತಂಪು ನೆರಳಿಗೆ ಹೋದೆ. ಬೆಂಕಿ ಬಿದ್ದ ಹಾಗೆ ಸೆಖೆ ಅಲ್ಲಿ, ಎ.ಸಿ. ಕೆಟ್ಟಿದೆಯಂತೆ. ಒಂದು ರೂಮಲ್ಲಿ ಹದಿಮೂರು ಜನ, ಪಾಳಿ ಮೇಲೆ ಮಲಗ್ತಾರೆ. ನೋಡಬೇಕಾದ್ದೇ ಬಿಡು."

ಮಾಮ ಕೈಕಾಲು ತೊಳೆಯಲು ಹೋದಾಗ ಉಮರು ಅಡುಗೆಮನೆಗೆ ಓಡಿದ. "ವಫಿಯ್ಯಾ, ಅವರು ಕಂಡವರ ಮನೆಗೆ ಹೋಗಿ ಕೂತು ಬರ್ತಿದ್ದಾರೆ!"

"ಬಂದವರನ್ನ ಬನ್ನಿ ಅಂದಿದ್ದಾರೆ ತಾನೇ? ಕಣ್ಣಿಗೆ ಮುಚ್ಚಳ ಕಟ್ಕೊಂಡ ಮುದುಕರು ಬಾಗಿಲಲ್ಲಿ ಸಲಾಮು ಹೇಳಿದ್ರೆ, ಯಾರದೋ ಕಡೆಯವರು ಅಂದ್ಕೋತಾರೆ. ಮೊದಲು ಚಹಾ, ಆಮೇಲೆ ವಿಚಾರಣೆ. ಚಹಾ ಮುಗಿದ ಮೇಲೆ ಯಾರು ವಿಚಾರಿಸ್ತಾರೆ?"

"ಅದು ಮನೆ, ನೋಡೋ ಜಾಗ ಅಲ್ಲ ಅಂತ ಹೇಳ್ಬಿಡ್ತೀನಿ."

"ಹೇಳಿ. ಮಾಲೆಯವನು ಕುರುಡು ಮುದುಕನಿಗೆ ಮೋಸದ ಚೀಟಿ ಬರ್ಕೊಟ್ಟ ಅಂತ ಇಡೀ ತೆಂಕಣ ಸೀಮೆ ನಗುತ್ತೆ. ನನಗೆ ಮತ್ತೆ ತೌರಿಲ್ಲ."

ಹೀಗಾಗಿ ಉಮರುವಿಗೆ ಉಳಿದದ್ದು ಒಂದೇ ದಾರಿ. ಮಧ್ಯಾಹ್ನ ಎರಡಕ್ಕೆ ಕಚೇರಿ ಬಿಟ್ಟ ಕೂಡಲೇ ಸ್ಕೂಟರು ಹತ್ತಿ ಮಾಮನ ಹಿಂದೆ ಹೋಗುವುದು, ಆಯಾ ಮನೆಯವರ ಕ್ಷಮೆ ಕೇಳುವುದು, ಮಾಮನನ್ನು ಉಪಾಯವಾಗಿ ಕರೆತರುವುದು. ಸೋಮವಾರ ಎರಡೂವರೆಗೆ ಅವನು "ಬೆಳ್ಳಿ ಮರಳು" ಎಂಬ ಮನೆಯ ಐದನೇ ಮಹಡಿ ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಮಾಮ ಆಗಲೇ ಮುಂದಿನ ಮನೆಗೆ ಹೊರಟುಹೋಗಿದ್ದರು. ಬಾಗಿಲಲ್ಲಿ ಮನೆಯೊಡತಿ ಸನೂರಾ, ಕೈಯಲ್ಲಿ ಸೌಟು.

"ಯಾರ್ರೀ ಅವರು? ಬಂದ್ರು, ಕೂತ್ರು, ಎಲ್ಲಾ ಕೇಳಿದ್ರು. ಎಷ್ಟು ಜನ ಇದ್ದೀರಿ, ಯಾರು ಎಲ್ಲಿ ಮಲಗ್ತೀರಿ, ಎಷ್ಟು ಹೊತ್ತು ಮಲಗ್ತೀರಿ. ಅಡುಗೆಮನೆಗೂ ತಲೆ ಹಾಕಿದ್ರು."

"ಏನಿಲ್ಲ ಅಕ್ಕ. ಸುಮ್ನೆ ನೋಡೋಕೆ ಬಂದಿದ್ರು."

"ನೋಡೋಕೆ?"

"ಪಟ್ಟಿಯಲ್ಲಿ ನಿಮ್ಮ ಮನೆ ಹೆಸರಿತ್ತು, ಅದಕ್ಕೆ ಬಂದ್ರು. ಅವರದ್ದೇನೂ ತಪ್ಪಿಲ್ಲ. ಪಟ್ಟಿ ಬರೆದವನು ನಾನು."

ಸೌಟು ಕೆಳಗಿಳಿಯಿತು. "ನಿಮಗೆ ಎಲ್ಲಿ ಕೆಲ್ಸ?"

"ಸರ್ಕಾರಿ ಆಫೀಸಲ್ಲಿ. ಈಗ ಅಲ್ಲಿಂದಲೇ ನೇರ ಬಂದೆ."

"ಪಟ್ಟಿಯಲ್ಲಿ ನಮ್ಮದು ಎಷ್ಟನೇದು?" ಎಂದಳು ಸನೂರಾ, ಉಸಿರು ಬಿಗಿಹಿಡಿದು.

"ಮೂರನೇದು," ಎಂದ ಉಮರು. ಅವನು ಸುಳ್ಳು ಹೇಳುವ ಮನುಷ್ಯನಲ್ಲ.

ಓದುಗರು ಇದನ್ನು ತಿಳಿದಿರಬೇಕು. ಮಾಲೆಯಲ್ಲಿ ಪಟ್ಟಿ ಎಂದರೆ ಒಂದೇ ಪಟ್ಟಿ. ಸರ್ಕಾರ ಸಮುದ್ರ ತುಂಬಿಸಿದ ನೆಲದ ಮೇಲೆ ಕಟ್ಟಿಸುವ ಫ್ಲ್ಯಾಟುಗಳ ಪಟ್ಟಿ. ಮದುವೆಯಾದ ವರ್ಷ ಅರ್ಜಿ ಹಾಕಿದವರು ಮೊಮ್ಮಕ್ಕಳ ಮದುವೆಗೆ ಅದೇ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿರುತ್ತಾರೆ. ಸನೂರಾ ಗೋಡೆ ಹಿಡಿದು ನಿಂತಳು. ಒಳಗಿನಿಂದ ಅತ್ತೆ, ನಾದಿನಿ, ಮೈದುನ, ಅವನ ಹೆಂಡತಿ, ಎಲ್ಲರೂ ಹೊರಗೆ ಬಂದರು. ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು. ಉಮರು ಎಷ್ಟು ಕ್ಷಮೆ ಕೇಳಿದರೂ ಅವರು "ಅಯ್ಯೋ, ನೀವು ಯಾಕೆ ಕ್ಷಮೆ ಕೇಳ್ತೀರಿ, ತಡವಾದ್ರೂ ಬಂದ್ರಲ್ಲ!" ಎಂದು ಕಣ್ಣೊರೆಸಿಕೊಂಡರು. ಉಳಿದ ಹೆಸರುಗಳು ಯಾವುವು ಎಂದು ಕೇಳಿದಾಗ ಅದನ್ನೂ ಹೇಳಿದ. ಅವನನ್ನು ಕಳಿಸುವಾಗ ಒಂದು ತಟ್ಟೆ ಬೊಂಡಿಬಾಯಿ ಸಿಹಿಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟರು.

ಮಂಗಳವಾರ ಮೂಸಾ ಮಾಮ ಐದನೇ ಮನೆಗೆ ಹೋದಾಗ ಮಟಮಟ ಮಧ್ಯಾಹ್ನ ಎರಡು ಗಂಟೆಗೆ ಒಂದೇ ಕೋಣೆಯಲ್ಲಿ ಇಪ್ಪತ್ತೊಂದು ಜನ ಸಾಲಾಗಿ ಹೊದ್ದು ಮಲಗಿದ್ದರು. ಅವರಲ್ಲಿ ಏಳು ಜನ ಪಕ್ಕದ ಮನೆಯಿಂದ ಎರವಲು ಬಂದವರು. ಒಬ್ಬನಿಗೆ ಗುರುತಿನವರ ಫೋನು ಬಂದು, ಹೊದಿಕೆಯೊಳಗಿನಿಂದಲೇ "ಆಮೇಲೆ ಮಾಡು ಮಾರಾಯ, ಈಗ ನಿದ್ದೆಯಲ್ಲಿದ್ದೀನಿ" ಎಂದ. ಮೂಸಾ ಮಾಮ ಎಲ್ಲರನ್ನೂ ಎಣಿಸಿ, "ಪಾಪ, ಮಲಗ್ಲಿ," ಎಂದು ಪಿಸುಗುಟ್ಟಿ, ಚಹಾ ಕುಡಿದು ಎದ್ದರು. ಸ್ವಲ್ಪದರಲ್ಲೇ ಉಮರು ಬಂದಾಗ ಸಿಕ್ಕಿದ್ದು ಎದ್ದು ಮೈಮುರಿಯುತ್ತಿದ್ದ ಇಪ್ಪತ್ತೊಂದು ಜನ ಮಾತ್ರ. ಅವರು ಉಮರುವಿಗೆ ಮತ್ತೆ ಮಲಗಿ ತೋರಿಸಿದರು.

ಬುಧವಾರ, ಮಾಮನನ್ನು ದಿನವೂ ಸುತ್ತಿಸುತ್ತಿದ್ದ ಟ್ಯಾಕ್ಸಿಯ ಹುಸ್ನು ಕಚೇರಿಯ ಬಾಗಿಲಿಗೇ ಬಂದು ಅವನನ್ನು ಅಡ್ಡಗಟ್ಟಿದ.

"ಉಮರುಬೇ, ಅಣ್ಣಾ, ಇದೇನು ನ್ಯಾಯ? ಮೊನ್ನೆವರೆಗೆ ಈ ಊರಲ್ಲಿ ಒಂದೇ ಸಂಜೆಯ ತಂಗಾಳಿ ಇತ್ತು. ಇವತ್ತು ಬೆಳಿಗ್ಗೆ ಎದ್ದು ನೋಡಿದ್ರೆ ಮಾಫನ್ನು ಬಡಾವಣೆಯಲ್ಲೇ ನಾಲ್ಕು! ಬಣ್ಣ ಇನ್ನೂ ಒಣಗಿಲ್ಲ. ನನ್ನ ಷಡ್ಡಕ ತಾತನ ಕಾಲದ ಹೆಸರು ಅಳಿಸಿ ನಿಮ್ಮ ಪಟ್ಟಿಯಲ್ಲಿರೋ ಹೊಸ ಬೆಳಕು ಅಂತ ಬರೆಸಿದ್ದಾನೆ. ಯಾಕೋ ಅಂದ್ರೆ, ಮುದುಕರು ಬಂದ್ರೆ ನಮ್ಮನೆಗೇ ಕರ್ಕೊಂಡ್ ಬಾ ಅಂತಾನೆ. ಇಪ್ಪತ್ತು ವರ್ಷ ಕಲಿತ ಊರು ಮೂರು ದಿನದಲ್ಲಿ ಮರೆಸಿಬಿಟ್ರಲ್ಲ ನೀವು!"

"ಹುಸ್ನು, ಕೇಳು, ಅದು ಆ ಪಟ್ಟಿ ಅಲ್ಲ..."

"ಗೊತ್ತು, ಗೊತ್ತು. ಗುಟ್ಟಾಗಿರಬೇಕು," ಎಂದು ಹುಸ್ನು ಸುತ್ತ ನೋಡಿ ದನಿ ತಗ್ಗಿಸಿದ. "ನಮ್ಮನೆ ಹೆಸರು ಏನಿಡ್ಲಿ, ಅದನ್ನ ಹೇಳಿ ಸಾಕು."

ಆ ದಿನ ಉಮರು ಆರು ಮಹಡಿಯ ಮೂರು ಮನೆ ಹತ್ತಿ ಇಳಿದ. ಹೋದಲ್ಲೆಲ್ಲ ಮಾಮ ಈಗ ತಾನೇ ಎದ್ದು ಹೋಗಿರುತ್ತಿದ್ದರು. ಕಂಡವರೆಲ್ಲ ಅವನ ಕೈಗೆ ಅರ್ಜಿ, ಮಕ್ಕಳ ಜನ್ಮಪತ್ರ, ತಿಂಡಿಯ ಪೊಟ್ಟಣ ತುರುಕಿದರು. ಒಬ್ಬ ಅಜ್ಜಿ ಅವನ ತಲೆ ಸವರಿ, ಸಾಯುವ ಮುಂಚೆ ಒಂದು ಕಿಟಕಿ ಪಕ್ಕ ಮಲಗಬೇಕಪ್ಪ ಎಂದಳು. ಉಮರುವಿಗೆ ಆ ಅಜ್ಜಿಯ ಕಾಲಬುಡದಲ್ಲೇ ಮಲಗಿಬಿಡೋಣ ಎನ್ನಿಸಿತು.

ಗುರುವಾರ ಬೆಳಿಗ್ಗೆ ಬುಲಾವು ಬಂತು. ಪಟ್ಟಿಯ ಕೆಲಸ ನೋಡುವ ಕಚೇರಿಯಲ್ಲಿ ಝಾಹಿರ್ ಸಾಹೇಬ ಎಂಬ ಅಧಿಕಾರಿ ಮೇಜಿನ ಹಿಂದೆ ಮುಖ ಊದಿಸಿಕೊಂಡು ಕೂತಿದ್ದರು.

"ನಿಮ್ಮ ಮಾವನವರು ಯಾರ ಆದೇಶದ ಮೇಲೆ ಮನೆಮನೆ ತಪಾಸಣೆ ಮಾಡ್ತಿದ್ದಾರೆ?"

"ತಪಾಸಣೆ ಅಲ್ಲ ಸಾಹೇಬ್ರೆ. ಊರು ನೋಡ್ತಿದ್ದಾರೆ."

"ಯಾವ ಊರು?"

"ಇದೇ ಊರು."

"ಇದರಲ್ಲಿ ನೋಡೋಕೆ ಏನಿದೆ?"

"ಅದೇ ಸಾಹೇಬ್ರೆ ಕಷ್ಟ ಆಗಿದ್ದು," ಎಂದ ಉಮರು, ಹೃದಯದಾಳದಿಂದ. ಆಮೇಲೆ ಪಟ್ಟಿಯ ನಕಲು ಮುಂದಿಟ್ಟು ಹಾಸಿಗೆ, ಚಾಪೆ, ಫ್ರಿಜ್ಜು, ಮದುವೆಯ ಪಂಕ್ತಿ, ಎಲ್ಲವನ್ನೂ ಹೇಳಿದ. ನಡುವೆ ಒಮ್ಮೆ ಕಣ್ಣು ಮುಚ್ಚಿಹೋಯಿತು. ಸಾಹೇಬರು ಮೇಜು ಕುಟ್ಟಿ ಎಬ್ಬಿಸಿದರು.

ಪಟ್ಟಿಯನ್ನು ಅವರು ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ನೋಡಿ, ಇದು ಬರೀ ಪ್ರವಾಸದ ಪಟ್ಟಿ ಅಂತ ನೀವಂತೀರಿ. ಕೆಳಗೆ ಸಹಿ ಇದೆ. ಸಹಿ ಇದ್ದ ಮೇಲೆ ಇದು ಕಾಗದಪತ್ರ. ಕಾಗದಪತ್ರ ಆದ ಮೇಲೆ ನಾಳೆ ಇದಕ್ಕೊಂದು ಫೈಲು ಆಗುತ್ತೆ." ಕೆಮ್ಮಿದರು. "ನಾನೂ ಹನ್ನೆರಡು ವರ್ಷದಿಂದ ಅತ್ತೆ ಮನೆ ಸೋಫಾ ಮೇಲೆ ಮಲಗ್ತಿದ್ದೀನಿ. ಹನ್ನೊಂದನೇ ಸಾಲಿಗೆ ಜಾಗ ಇದೆಯಲ್ಲ?"

ಉಮರು ಮೇಜಿನ ಮೇಲಿದ್ದ ನಕಲನ್ನು ಹತ್ತಿರಕ್ಕೆ ಎಳೆದುಕೊಂಡ. ಸಾಹೇಬರು ತಕ್ಷಣ ಮತ್ತೆ ಅಧಿಕಾರಿಯಾದರು. "ಇವತ್ತು ಸಂಜೆ ನಾನೇ ಬಂದು ವಿಚಾರಿಸ್ತೀನಿ. ನಿಮ್ಮ ಮಾವ ಮನೆಯಲ್ಲಿರಬೇಕು."

ಉಮರು ಮನೆಗೆ ಬಂದಾಗ ಮೆಟ್ಟಿಲ ತುಂಬ ಜನ. ಹೂದೋಟದವರು, ಬೆಳ್ಳಿ ಮರಳಿನವರು, ಬಣ್ಣ ಒಣಗದ ನಾಲ್ಕೂ ತಂಗಾಳಿಗಳವರು, ಎಲ್ಲರ ಕೈಯಲ್ಲೂ ಮುಚ್ಚಿದ ತಟ್ಟೆ. ಅವರ ನಡುವೆ ನುಸುಳಿ ಒಳಗೆ ಬಂದರೆ ಮೂಸಾ ಮಾಮ ಮಂಚದ ಅಂಚಿನಲ್ಲಿ ಕೂತಿದ್ದರು. ಕಣ್ಣಿನ ಮುಚ್ಚಳ ಹೋಗಿತ್ತು. ಪಕ್ಕದಲ್ಲಿ ಗಂಟು ಕಟ್ಟಿ ಸಿದ್ಧವಾಗಿತ್ತು.

ಉಮರು ಬಾಗಿಲಿಗೆ ಒರಗಿ ನಿಂತ. ಇನ್ನು ತೌರಿನವರು ನಕ್ಕರೂ ಸರಿ, ಹೆಂಡತಿ ಮಾತು ಬಿಟ್ಟರೂ ಸರಿ. "ಮಾಮಾ, ಒಂದು ವಿಷಯ ಹೇಳ್ಬೇಕು. ಐದು ದಿನದಿಂದ ನೀವು ನೋಡಿದ್ದೆಲ್ಲ..."

"ಮನೆಗಳು," ಎಂದರು ಮಾಮ.

"ಗೊತ್ತಿತ್ತಾ?"

"ನಕ್ಷತ್ರ ನೋಡ್ಕೊಂಡು ನಲವತ್ತು ವರ್ಷ ದೋಣಿ ನಡೆಸಿದವನಿಗೆ ಹೂದೋಟ ಯಾವುದು, ನಾಲ್ಕನೇ ಮಹಡಿ ಯಾವುದು ಅಂತ ಗೊತ್ತಾಗಲ್ವೇನೋ? ನನ್ನದು ಮುಚ್ಚಿದ್ದದ್ದು ಒಂದೇ ಕಣ್ಣು."

"ಮತ್ತೆ ಯಾಕೆ ದಿನಾ ಹೋದ್ರಿ?"

"ನಿನಗೋಸ್ಕರ ಕಣೋ!" ಎಂದರು ಮಾಮ. ಅವರಿಗೆ ನಿಜವಾಗಿ ರೇಗಿತ್ತು. "ನಾನಿದ್ರೆ ನೀನು ಈ ಹಾಸಿಗೆ ಮೇಲೆ ಕೂರೋದೂ ಇಲ್ಲ. ಮಲಗು ಅಂದ್ರೆ, ಛೆ ಛೆ ಮಾಮಾ ಅಂತ ನಾಟಕ ಮಾಡ್ತೀಯ. ಅದಕ್ಕೆ ಊರು ನೋಡೋ ನೆಪ ಹೇಳಿ ಸಂಜೆವರೆಗೆ ಹೊರಗಿರೋಣ, ಆಫೀಸಿಂದ ಬಂದವನು ಎರಡು ಗಂಟೆ ಕಾಲು ಚಾಚಲಿ ಅಂತ ಹೋದೆ. ದಿನಕ್ಕೆ ಒಂಬತ್ತು ಲೋಟ ಚಹಾ ಕುಡಿದೆ. ಸಕ್ಕರೆ ಕಾಯಿಲೆ ಬೇರೆ ನನಗೆ! ನೀನೋ, ನಾನು ಕೂತ ಮನೆಗೆಲ್ಲ ಬೆವರು ಸುರಿಸ್ಕೊಂಡು ಹಿಂದೇನೇ ಬರ್ತಿದ್ದೆ. ಸ್ಕೂಟರ್ ಸದ್ದು ಕೇಳಿದ ಕೂಡ್ಲೆ, ಇವನು ನಿದ್ದೆ ಬಿಟ್ಟು ಬಂದ, ನಾನು ಎದ್ದು ಹೋದ್ರೆ ಸೋತು ಮನೆಗೆ ಹೋಗ್ತಾನೆ ಅಂತ ಮುಂದಿನ ಮನೆಗೆ ಓಡ್ತಿದ್ದೆ. ಅಲ್ಲಿಗೂ ಬಂದೆ!"

"ಹಾಗಾದ್ರೆ ಮೊದಲೇ ಊರಿಗೆ..." ಎಂದು ಶುರುಮಾಡಿ ಉಮರು ನಾಲಗೆ ಕಚ್ಚಿಕೊಂಡ.

"ನಾಲ್ಕು ವಾರ ದೋಣಿ ಹತ್ತಬಾರದು, ಉಪ್ಪುನೀರು ಸಿಡಿದ್ರೆ ಕಣ್ಣು ಹೋಗುತ್ತೆ ಅಂದಿದ್ರು ಡಾಕ್ಟ್ರು. ಇವತ್ತಿಗೆ ಮುಗೀತು. ವಫಿಯ್ಯಾ ಹೇಳ್ಲಿಲ್ವಾ?"

"ಮೂರು ಸಲ ಹೇಳ್ದೆ," ಎಂದಳು ವಫಿಯ್ಯಾ ಅಡುಗೆಮನೆಯಿಂದ. "ಮೂರು ಸಲವೂ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ರು."

ಉಮರುವಿಗೆ ನಾಚಿಕೆಯಾಯಿತು. ಇಪ್ಪತ್ತೆಂಟು ದಿನದಲ್ಲಿ ಅವನು ಈ ಮುದುಕರ ಜೊತೆ ಒಂದು ಲೋಟ ಚಹಾ ಕುಡಿದದ್ದು ಆ ಮೂವತ್ತೆಂಟು ನಿಮಿಷದ ಓಟದ ನಡುವೆ ಮಾತ್ರ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಆಕಳಿಕೆ.

"ದೋಣಿ ಐದು ಗಂಟೆಗೆ," ಎಂದು ಮಾಮ ಎದ್ದು ನಿಂತು ದಿಂಬು ತಟ್ಟಿದರು. "ಇನ್ನೂ ಎರಡು ಗಂಟೆ ಇದೆ. ಮಲಗು. ತಂಡೇಲನ ಮಾತು ಇದು, ಎರಡನೇ ಸಲ ಹೇಳಿ ಅಭ್ಯಾಸ ಇಲ್ಲ ನನಗೆ."

"ಹೊರಗೆ ಅಷ್ಟು ಜನ..."

"ಅವರನ್ನ ನನಗೆ ಬಿಡು."

ಉಮರು ಮನಿಕು ತನ್ನ ಹಾಸಿಗೆಯ ಮೇಲೆ ಅಡ್ಡಾದ. ತಲೆ ದಿಂಬು ಮುಟ್ಟಿತೋ ಇಲ್ಲವೋ ಅವನಿಗೆ ನೆನಪಿಲ್ಲ.

ಮುಂದಿನದ್ದು ವಫಿಯ್ಯಾ ಆಮೇಲೆ ಹೇಳಿದ್ದು. ಮೂಸಾ ಮಾಮ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಮೆಟ್ಟಿಲ ಮೇಲಿದ್ದವರನ್ನು ಇಬ್ಬಿಬ್ಬರಾಗಿ ಒಳಗೆ ಕರೆದರು. "ಚಪ್ಪಲಿ ಹೊರಗೆ. ಮಾತು ಬೇಡ. ಮಕ್ಕಳನ್ನ ಎತ್ಕೊಳ್ಳಿ."

"ಒಳಗೆ ಏನಿದೆ?" ಎಂದಳು ಸನೂರಾ, ಪಿಸುಮಾತಿನಲ್ಲಿ.

"ನೀವೆಲ್ಲ ನನಗೆ ನಿಮ್ಮ ಮನೆ ತೋರಿಸಿದ್ರಿ. ಇದು ನಮ್ಮ ಕಡೆಯಿಂದ. ಮಾಲೆಯ ಗಂಡಸೊಬ್ಬ ಹಾಡುಹಗಲಲ್ಲಿ ತನ್ನ ಸ್ವಂತ ಹಾಸಿಗೆ ಮೇಲೆ ಒಬ್ಬನೇ ಮಲಗಿದ್ದಾನೆ. ಇಡೀ ಊರು ಸುತ್ತಿದೆ ನಾನು, ಇಂಥದ್ದು ಎಲ್ಲೂ ಕಾಣ್ಲಿಲ್ಲ."

ಅವರು ಇಬ್ಬಿಬ್ಬರಾಗಿ ಬಂದು ನೋಡಿದರು. ಯಾರೂ ನಗಲಿಲ್ಲ, ಅರ್ಜಿಯ ಮಾತೂ ಎತ್ತಲಿಲ್ಲ. ಟ್ಯಾಕ್ಸಿಯ ಹುಸ್ನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ವಿಚಾರಣೆಗೆಂದು ಬಂದ ಝಾಹಿರ್ ಸಾಹೇಬರು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತರು. ಫ್ಯಾನು ಜೋರು ಮಾಡಿ, ಬೆರಳ ತುದಿಯಲ್ಲಿ ಇಳಿದು ಹೋದರು.

ಉಮರು ಎಚ್ಚತ್ತಾಗ ಹೊತ್ತು ಮುಳುಗಿ ಮಗ್ರಿಬ್ ಆಜಾನ್ ಆಗುತ್ತಿತ್ತು. ಗಂಟು ಇರಲಿಲ್ಲ.

"ಎಬ್ಬಿಸಬಾರದಿತ್ತೇನೇ?"

"ಎಬ್ಬಿಸೋಕೆ ಬಂದೆ. ಮಾಮ ಬಿಡ್ಲಿಲ್ಲ. ಚೆನ್ನಾಗಿ ಗೊರಕೆ ಹೊಡೀತಿದ್ದಾನೆ, ಅದನ್ನೇ ಊರಲ್ಲಿ ಹೇಳ್ತೀನಿ ಅಂದ್ರು."

ಹಾಸಿಗೆ ಈ ತುದಿಯಿಂದ ಆ ತುದಿಯವರೆಗೆ ಅವನದ್ದೇ ಆಗಿತ್ತು. ನಿದ್ದೆಯೂ ಇನ್ನೂ ಕಣ್ಣಿನಲ್ಲಿತ್ತು. ಉಮರು ಎದ್ದು ಕೂತ. "ಮುಂದಿನ ದೋಣಿ ಯಾವಾಗ?" ಎಂದು ಕೇಳಿದ.

"ಊರಿಗಾ? ಈ ಸೆಖೆಯಲ್ಲಿ ಅಲ್ಲಿಗೆ ಯಾಕೆ ಹೋಗ್ತೀರಿ? ನೋಡೋಕೆ ಅಲ್ಲೇನಿದೆ?"

"ಮಾಮ ಇದ್ದಾರಲ್ಲ," ಎಂದ ಉಮರು.